ಪೊರೆ ತೆಗೆದ ಬಳಿಕ ಉಳಿಯುವ ಕರ್ತವ್ಯ

ಕಣ್ಣು ಕಾಣದವರಿಗೆ ಕಣ್ಣು ಕೊಡುವುದು ಅನ್ನದಾನ, ವಿದ್ಯಾದಾನಗಳ ಸಾಲಿಗೆ ಸೇರಿದ ಸತ್ಕಾರ್ಯವೆಂಬುದು ಈ ನಾಡಿನಲ್ಲಿ ವಾದ ಮಾಡಿ ಸ್ಥಾಪಿಸಬೇಕಾದ ಮಾತಲ್ಲ. ಜಾತ್ರೆ, ಪುಣ್ಯಸ್ಮರಣೆ, ಸುವರ್ಣ ಮಹೋತ್ಸವಗಳ ಸಂದರ್ಭದಲ್ಲಿ ನೇತ್ರ ಚಿಕಿತ್ಸಾ ಶಿಬಿರಗಳನ್ನು ಏರ್ಪಡಿಸುವುದು ಹಲವು ದಶಕಗಳಿಂದ ನಡೆದುಬಂದ ಸಂಪ್ರದಾಯ. ಶಾಲೆಯ ಕೊಠಡಿಗಳೇ ರೋಗಿಗಳ ವಾರ್ಡುಗಳಾಗಿ, ಮೇಲಿನ ತರಗತಿಯ ಹುಡುಗರೇ ಸ್ವಯಂಸೇವಕರಾಗಿ ನಿಂತ ದಿನಗಳು ಎಷ್ಟೋ ಊರುಗಳ ನೆನಪಿನಲ್ಲಿ ಇಂದಿಗೂ ಹಸಿರಾಗಿವೆ. ಶಿಬಿರ ಮುಗಿದ ಮೇಲೆ ಅಚ್ಚಾಗುವ ವರದಿಯಲ್ಲಿ ಒಂದು ಸಂಖ್ಯೆ ಎದ್ದು ಕಾಣುತ್ತದೆ: ಇಷ್ಟು ಮಂದಿಗೆ ಪೊರೆ ತೆಗೆಯಲಾಯಿತು. ದಾನಿಗಳು ಅದನ್ನು ಓದಿ ಸಂತೋಷಪಡುತ್ತಾರೆ. ಆ ಸಂತೋಷ ಸಹಜವೂ ಹೌದು, ನ್ಯಾಯವೂ ಹೌದು. ಆದರೆ ಆ ಸಂಖ್ಯೆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದಿಲ್ಲ. ಪೊರೆ ತೆಗೆಸಿಕೊಂಡವರಲ್ಲಿ ಎಷ್ಟು ಮಂದಿ ಐದು ವರ್ಷಗಳ ಬಳಿಕವೂ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಷ್ಟು ನೋಡಬಲ್ಲವರಾಗಿದ್ದಾರೆ?

ಪೊರೆ ಎಂಬುದು ಕಣ್ಣಿನ ಮೇಲೆ ಹೊರಗಿನಿಂದ ಬಂದು ಕವಿಯುವ ಪರದೆಯೆಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ. ಕಣ್ಣಿನೊಳಗೆ ಪಾಪೆಯ ಹಿಂದೆ ಪ್ರಕೃತಿಯೇ ಇಟ್ಟಿರುವ ಪಾರದರ್ಶಕ ಮಸೂರವು ಮಬ್ಬಾಗುವುದನ್ನೇ ಪೊರೆ ಅಥವಾ ಮೋತಿಬಿಂದು ಎನ್ನುತ್ತಾರೆ. ಆದ್ದರಿಂದ ಪೊರೆಯನ್ನು ತೆಗೆಯುವುದೆಂದರೆ ಮಸೂರವನ್ನೇ ತೆಗೆಯುವುದು. ಮಬ್ಬು ಹೋಗುತ್ತದೆ, ಜೊತೆಗೆ ಕಣ್ಣಿನ ಒಂದು ಅಂಗವೂ ಹೋಗುತ್ತದೆ. ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಕೂಡಿಸಲು ಕಣ್ಣಿಗೆ ಸುಮಾರು 60 ಡಯಾಪ್ಟರುಗಳ ಶಕ್ತಿ ಬೇಕು. ಅದರ ಮೂರನೆಯ ಎರಡು ಭಾಗ ಕಾರ್ನಿಯಾದಿಂದಲೂ, ಉಳಿದ ಒಂದು ಭಾಗ ಮಸೂರದಿಂದಲೂ ಒದಗುತ್ತದೆ. ಈ ಒಂದು ಭಾಗವನ್ನು ಕಳೆದುಕೊಂಡ ಕಣ್ಣಿಗೆ ಬೆಳಕು ಬರುತ್ತದೆ, ರೂಪ ಬರುವುದಿಲ್ಲ. ಬೆರಳುಗಳನ್ನು ಎಣಿಸಬಲ್ಲ ಮನುಷ್ಯನಿಗೆ ಮುಖಗಳ ಗುರುತು ಹತ್ತುವುದಿಲ್ಲ.

ಈ ಕೊರತೆಯನ್ನು ತುಂಬಲು ಬಹುಕಾಲ ಇದ್ದ ಸಾಧನವೆಂದರೆ ಜನ ಸೋಡಾಬುಡ್ಡಿಯೆಂದು ಕರೆದ ದಪ್ಪ ಗಾಜಿನ ಕನ್ನಡಕ. ಅದರ ಶಕ್ತಿ ಸಾಮಾನ್ಯವಾಗಿ ಹತ್ತು ಡಯಾಪ್ಟರುಗಳ ಆಸುಪಾಸಿನದು. ಅದು ಎದುರಿನ ವಸ್ತುಗಳನ್ನು ಇದ್ದುದಕ್ಕಿಂತ ಶೇಕಡಾ 25ರಿಂದ 30ರಷ್ಟು ದೊಡ್ಡದಾಗಿಯೂ, ಅಷ್ಟರಮಟ್ಟಿಗೆ ಹತ್ತಿರದಲ್ಲಿರುವಂತೆಯೂ ತೋರಿಸುತ್ತದೆ. ಹೊಸ್ತಿಲು ಇದ್ದ ಕಡೆ ಇರುವುದಿಲ್ಲ. ಚೆಂಬಿಗೆ ಚಾಚಿದ ಕೈ ಚೆಂಬಿನ ಈಚೆಗೇ ನಿಲ್ಲುತ್ತದೆ. ಗಾಜಿನ ಅಂಚಿನಲ್ಲಿ ಉಂಗುರದಂತೆ ಒಂದು ಕುರುಡು ವಲಯ ಉಂಟಾಗುತ್ತದೆ. ಪಕ್ಕದಿಂದ ಬರುವ ಬಂಡಿಯಾಗಲಿ ಎಮ್ಮೆಯಾಗಲಿ ಆ ವಲಯದಲ್ಲಿ ಮಾಯವಾಗಿ, ಮರುಕ್ಷಣ ಎದುರಿಗೇ ಪ್ರತ್ಯಕ್ಷವಾಗುತ್ತದೆ. ಒಂದು ಕಣ್ಣಿನ ಮಸೂರ ಮಾತ್ರ ಹೋಗಿ ಇನ್ನೊಂದು ಕಣ್ಣು ಸರಿಯಾಗಿದ್ದರೆ ತೊಂದರೆ ಇನ್ನೂ ಹೆಚ್ಚು. ಎರಡು ಕಣ್ಣುಗಳು ಕಳಿಸುವ ಚಿತ್ರಗಳ ಗಾತ್ರ ಬೇರೆಬೇರೆಯಾಗುವುದರಿಂದ ಮೆದುಳು ಅವನ್ನು ಒಂದಾಗಿ ಕೂಡಿಸಲಾರದು. ಅಂಥವರಿಗೆ ಈ ಕನ್ನಡಕವನ್ನು ಕೊಟ್ಟೂ ಪ್ರಯೋಜನವಿಲ್ಲ. ಇಷ್ಟೆಲ್ಲ ಆದ ಮೇಲೂ ಕನ್ನಡಕ ಕನ್ನಡಕವೇ. ಬಿದ್ದರೆ ಒಡೆಯುತ್ತದೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಕಳೆಯುತ್ತದೆ. ಅದು ಹೋದ ದಿನ, ಶಸ್ತ್ರಕ್ರಿಯೆ ಯಶಸ್ವಿಯಾಯಿತೆಂದು ವರದಿಯಲ್ಲಿ ಸೇರಿದ್ದ ಮನುಷ್ಯ ಪುನಃ ಕುರುಡನಾಗುತ್ತಾನೆ. ಆದರೆ ವರದಿಯ ಸಂಖ್ಯೆ ಬದಲಾಗುವುದಿಲ್ಲ.

ಮಸೂರವಿಲ್ಲದ ಕಣ್ಣಿನ ಸಮಸ್ಯೆ ಮಾನವನಿಗೆ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಶಲಾಕೆಯಿಂದ ಮಬ್ಬಾದ ಮಸೂರವನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸುವ ವಿಧಾನವು ವರ್ಣಿತವಾಗಿದೆ. ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಮಸೂರವನ್ನು ಕಣ್ಣಿನಿಂದ ಹೊರಕ್ಕೇ ತೆಗೆದು ಹೊಸ ದಾರಿ ತೋರಿದನು. ಆದರೆ ತೆಗೆದ ಸ್ಥಾನದಲ್ಲಿ ಮತ್ತೊಂದನ್ನು ಇಡಬೇಕೆಂಬ ವಿಚಾರ ಕೈಗೂಡಲು ಇನ್ನೂ ಎರಡು ಶತಮಾನಗಳು ಬೇಕಾದವು. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಮುಚ್ಚಳ ಒಡೆದು ಚಾಲಕರ ಕಣ್ಣುಗಳಿಗೆ ಸಿಡಿದ ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಚೂರುಗಳು ಒಳಗೇ ಉಳಿದರೂ ಕಣ್ಣನ್ನು ಕೆರಳಿಸದೆ ಇದ್ದುದನ್ನು ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ವಸ್ತುವಿನಿಂದ ಮಸೂರವನ್ನು ಮಾಡಿಸಿ, ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1949ರ ನವೆಂಬರ್ 29ರಂದು ಮೊದಲ ಪ್ರಯೋಗವನ್ನು ಕೈಗೊಂಡರು. ಇಲ್ಲಿ ಅನೇಕರು ಲಕ್ಷಿಸದ ಒಂದು ಸಂಗತಿಯಿದೆ. ಆ ರೋಗಿಯ ಕಣ್ಣಿನಲ್ಲಿ ಮಸೂರವು ಶಾಶ್ವತವಾಗಿ ನೆಲೆಗೊಂಡದ್ದು ಆ ದಿನವಲ್ಲ, 1950ರ ಫೆಬ್ರವರಿ 8ರಂದು ನಡೆದ ಎರಡನೆಯ ಶಸ್ತ್ರಕ್ರಿಯೆಯಲ್ಲಿ. ಮೊದಲು ಪೊರೆ ತೆಗೆದು, ಕೆಲಕಾಲದ ಮೇಲೆ ಮಸೂರವಿಡುವ ಈ ಕ್ರಮದಿಂದಲೇ ಕೃತಕ ಮಸೂರದ ಇತಿಹಾಸ ಆರಂಭವಾಯಿತು. ಇಂದು ಕೆಲವರು ಅಪರೂಪದ ಸಾಹಸವೆಂದು ಭಾವಿಸುವ ಕಾರ್ಯವೇ ಈ ವಿದ್ಯೆಯ ಮೊದಲ ಹೆಜ್ಜೆಯಾಗಿತ್ತು.

ಕರ್ನಾಟಕದಲ್ಲಿ ನೇತ್ರಶಿಬಿರವೆಂದೊಡನೆ ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿಯವರದು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿ, 2005ರಲ್ಲಿ ಕಾಲವಾದ ಈ ಮಹನೀಯರು ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ ಲಕ್ಷಾಂತರ ಶಸ್ತ್ರಕ್ರಿಯೆಗಳನ್ನು ನೆರವೇರಿಸಿದರು. ತಿರುಪತಿಯಲ್ಲಿ ಒಂದೇ ದಿನ 833 ಮಂದಿಗೆ ಪೊರೆ ತೆಗೆದುದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. 1968ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಆ ಕಾಲದ ಶಿಬಿರಗಳನ್ನು ಇಂದಿನ ಅಳತೆಗೋಲಿನಿಂದ ಅಳೆದು ಕುಂದು ಹುಡುಕುವುದು ಅವಿವೇಕ. ಮಸೂರವನ್ನು ಅದರ ಚೀಲದೊಡನೆಯೇ ತೆಗೆದು ದಪ್ಪ ಕನ್ನಡಕ ಕೊಡುವುದೇ ಆಗ ಲೋಕದ ಬಹುಭಾಗದಲ್ಲಿದ್ದ ಪದ್ಧತಿ. ಪೂರ್ಣ ಕತ್ತಲೆಯಲ್ಲಿ ಕುಳಿತವನಿಗೆ ಓರೆಕೋರೆಯಾದರೂ ಬೆಳಕು ದೊರೆತದ್ದು ದೊಡ್ಡ ಉಪಕಾರವೇ ಸರಿ. ಆದರೆ ಒಂದು ಕಾಲಕ್ಕೆ ಸಾಕಾಗಿದ್ದ ಉಪಕಾರ ಮುಂದಿನ ಕಾಲಕ್ಕೂ ಸಾಕೆಂದು ತಿಳಿಯುವುದು ಆ ಹಿರಿಯರ ಸೇವೆಗೆ ಸಲ್ಲುವ ಗೌರವವಾಗದು.

ಕಾಲ ಬದಲಾದ ಬಗೆಯನ್ನೂ ಇಲ್ಲಿ ನೆನೆಯಬೇಕು. ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಸ್ಥಾಪಿಸಿದರು. ಅದರ ಅಂಗವಾಗಿ 1992ರಲ್ಲಿ ಆರಂಭವಾದ ಆರೋಲ್ಯಾಬ್ ಕೃತಕ ಮಸೂರಗಳನ್ನು ಈ ದೇಶದಲ್ಲಿಯೇ ತಯಾರಿಸತೊಡಗಿತು. ಹೊರದೇಶಗಳಿಂದ ತರಿಸಿದಾಗ ನೂರು ಡಾಲರುಗಳಷ್ಟು ಬೆಲೆಯಿದ್ದ ಮಸೂರ ಹತ್ತು ಡಾಲರುಗಳ ಆಸುಪಾಸಿಗೆ ಇಳಿದು, ಮುಂದೆ ಇನ್ನೂ ಅಗ್ಗವಾಯಿತು. ದಪ್ಪ ಕನ್ನಡಕದ ಹಳೆಯ ಪದ್ಧತಿಯನ್ನೂ ಮಸೂರವಿಡುವ ಹೊಸ ಪದ್ಧತಿಯನ್ನೂ ಹೋಲಿಸಲು ಮಧುರೆಯಲ್ಲಿಯೇ 3400 ರೋಗಿಗಳನ್ನು ಕುರಿತು ನಡೆದ ಅಧ್ಯಯನವು 1998ರಲ್ಲಿ ಪ್ರಕಟವಾಯಿತು. ಮಸೂರ ಪಡೆದವರ ದೃಷ್ಟಿಯೂ ನಿತ್ಯಜೀವನದ ನೆಮ್ಮದಿಯೂ ಮೇಲಾಗಿರುವುದನ್ನು ಅದು ತೋರಿಸಿತು. ಈಗ ಪೊರೆ ತೆಗೆದ ದಿನವೇ ಮಸೂರವಿಡುವುದು ಸಾಮಾನ್ಯ ಕ್ರಮವಾಗಿದೆ.

ಹಾಗಾದರೆ ಮಸೂರವಿಲ್ಲದವರು ಇನ್ನಾರು ಉಳಿದಿದ್ದಾರೆ, ಈ ಚರ್ಚೆಯೇಕೆ ಎಂದು ಯಾರಾದರೂ ಕೇಳಬಹುದು. ಉಳಿದವರು ಹಲವು ಬಗೆಯವರು. ನಡುವಯಸ್ಸಿನಲ್ಲಿಯೇ ಹಳೆಯ ಪದ್ಧತಿಯಲ್ಲಿ ಪೊರೆ ತೆಗೆಸಿಕೊಂಡು, ಇಂದು ಎಂಬತ್ತು ದಾಟಿರುವ ವೃದ್ಧರಿದ್ದಾರೆ. ಶಸ್ತ್ರಕ್ರಿಯೆಯ ನಡುವೆ ಮಸೂರದ ಚೀಲ ಹರಿದು, ಆ ದಿನ ಹೊಸ ಮಸೂರವಿಡಲಾಗದೆ ಮನೆಗೆ ಮರಳಿದವರಿದ್ದಾರೆ; ಎಷ್ಟು ನಿಪುಣ ವೈದ್ಯನ ಕೈಯಲ್ಲಿಯೂ ಇಂಥದು ಒಮ್ಮೊಮ್ಮೆ ಸಂಭವಿಸುತ್ತದೆ. ಚಿಣ್ಣಿದಾಂಡು, ಪಟಾಕಿ, ಜಾಲಿಮುಳ್ಳು, ಕಲ್ಲಿನ ಚಕ್ಕೆಗಳಿಂದ ಗಾಯಗೊಂಡು ಮಸೂರ ಕಳೆದುಕೊಂಡ ಯುವಕರಿದ್ದಾರೆ. ಮಾರ್ಫಾನ್ ಸಿಂಡ್ರೋಮಿನಂತಹ ಹುಟ್ಟುದೋಷದಿಂದ ಮಸೂರ ತನ್ನ ಸ್ಥಾನವನ್ನೇ ಬಿಟ್ಟು ಜಾರಿದವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹುಟ್ಟಿನಿಂದಲೇ ಪೊರೆಯಿದ್ದು ಕೂಸಿದ್ದಾಗಲೇ ಅದನ್ನು ತೆಗೆಸಿಕೊಂಡ ಮಕ್ಕಳಿದ್ದಾರೆ. ಇವರೆಲ್ಲರಿಗೂ ಮುಂದೊಂದು ದಿನ ಕೃತಕ ಮಸೂರವನ್ನಿಡುವ ಎರಡನೆಯ ಶಸ್ತ್ರಕ್ರಿಯೆಯ ದಾರಿ ತೆರೆದಿದೆ. ಅವರಲ್ಲಿ ಹಲವರಿಗೆ ಅಂಥ ದಾರಿಯೊಂದಿದೆ ಎಂಬುದೇ ತಿಳಿದಿಲ್ಲ. ಒಮ್ಮೆ ಆಪರೇಶನ್ ಆಯಿತು, ತಮ್ಮ ಹಣೆಬರಹ ಇಷ್ಟೇ ಎಂದು ಅವರು ಸುಮ್ಮನಾಗಿದ್ದಾರೆ.

ಮಸೂರವನ್ನು ಯಾವ ಆಸರೆಯ ಮೇಲೆ ನಿಲ್ಲಿಸಬೇಕೆಂಬುದೇ ಈ ಶಸ್ತ್ರಕ್ರಿಯೆಯ ಮೂಲಪ್ರಶ್ನೆ. ಮೊದಲ ಸಲ ಮಸೂರದ ಚೀಲದ ಹಿಂಭಾಗವನ್ನು ಉಳಿಸಿದ್ದರೆ ಅದರ ಮೇಲೆಯೇ ಹೊಸ ಮಸೂರವನ್ನು ಕೂಡಿಸಬಹುದು; ಎಲ್ಲಕ್ಕಿಂತ ಸುಗಮವಾದ ದಾರಿ ಇದು. ಚೀಲವೇ ಇಲ್ಲದಿದ್ದರೆ ಬೇರೆ ಆಸರೆಗಳನ್ನು ಹುಡುಕಬೇಕು. ಕಣ್ಣಿನ ಮುಂಭಾಗದ ಕೋಣೆಯಲ್ಲಿ ಮಸೂರವಿಡುವ ಪದ್ಧತಿ 1950ರ ದಶಕದಿಂದಲೂ ಇದೆ. ಮೊದಮೊದಲ ಅಂಥ ಮಸೂರಗಳು ಕಾರ್ನಿಯಾವನ್ನು ಕೆಡಿಸಿದ್ದರಿಂದ ಅಪಕೀರ್ತಿ ಪಡೆದವು. ಮುಂದೆ ಅವುಗಳ ರೂಪ ಸುಧಾರಿಸಿತು. ಏಡಿಯ ಕೊಂಬಿನಂತಹ ಹಿಡಿಕೆಗಳಿಂದ ಐರಿಸ್ ಎಂಬ ಬಣ್ಣದ ಪರದೆಯನ್ನು ಕಚ್ಚಿ ನಿಲ್ಲುವ ಮಸೂರವನ್ನು ನೆದರ್ಲೆಂಡ್ಸಿನ ಡಾ. ಯಾನ್ ವೋರ್ಸ್ಟ್ ರೂಪಿಸಿದರು. ಅಮೃತಸರದ ಡಾ. ದಲ್ಜಿತ್ ಸಿಂಗ್ ಅದನ್ನು ಭಾರತದಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖರು. ಮಸೂರವನ್ನು ಕಣ್ಣಿನ ಬಿಳಿಯ ಗೋಡೆಗೆ ಪಾಲಿಪ್ರೊಪಿಲೀನ್ ದಾರದಿಂದ ಹೊಲಿದು ನಿಲ್ಲಿಸುವುದು ಇನ್ನೊಂದು ಕ್ರಮ. ಆದರೆ ಆ ಸೂಕ್ಷ್ಮ ದಾರ ವರ್ಷಗಳುರುಳಿದಂತೆ ಸವೆದು ಹರಿಯುವ ಸಂಭವವಿದೆ. ಈ ತೊಡಕನ್ನು ನೀಗಲು ಚೆನ್ನೈನ ಡಾ. ಅಮರ್ ಅಗರ್‌ವಾಲ್ 2007ರಲ್ಲಿ ಮಸೂರದ ಕಾಲುಗಳನ್ನು ಬಿಳಿಗೋಡೆಯೊಳಗೆ ಹುದುಗಿಸಿ ಫೈಬ್ರಿನ್ ಅಂಟಿನಿಂದ ಮುಚ್ಚುವ ವಿಧಾನವನ್ನು ಆಚರಣೆಗೆ ತಂದರು. ಜಪಾನಿನ ಡಾ. ಶಿನ್ ಯಮಾನೆ ಆ ಕಾಲುಗಳ ತುದಿಯನ್ನು ಕಾಯಿಸಿ ಗುಂಡಿಯಂತೆ ಉಬ್ಬಿಸಿ, ಹೊಲಿಗೆಯೂ ಅಂಟೂ ಇಲ್ಲದೆ ನಿಲ್ಲಿಸುವ ಕ್ರಮವನ್ನು 2017ರಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದ ಇನ್ನೂ ಮುಗಿದಿಲ್ಲ. ಆಗ ಪ್ರಚಲಿತವಾಗಿದ್ದ ವಿಧಾನಗಳನ್ನು ತೂಗಿ ನೋಡಿದ ಅಮೆರಿಕದ ನೇತ್ರವೈದ್ಯರ ಅಕಾಡೆಮಿ 2003ರ ತನ್ನ ವರದಿಯಲ್ಲಿ, ಯಾವುದೇ ಒಂದು ಬಗೆಯನ್ನು ಉಳಿದವುಗಳಿಗಿಂತ ಮೇಲೆಂದು ಸಾರಲು ಸಾಕಷ್ಟು ಆಧಾರವಿಲ್ಲವೆಂದಿತು. ಆಯ್ಕೆ ರೋಗಿಯ ಕಣ್ಣಿನ ಸ್ಥಿತಿಯನ್ನೂ ವೈದ್ಯನ ಪಳಗಿದ ಕೈಯನ್ನೂ ಅವಲಂಬಿಸಿದೆ.

ಈ ವಿಷಯದಲ್ಲಿ ಎರಡು ವಿರುದ್ಧ ಅಭಿಪ್ರಾಯಗಳು ಕೇಳಿಬರುತ್ತವೆ. ಎರಡೂ ವಿಚಾರಯೋಗ್ಯ, ಎರಡೂ ಅಪೂರ್ಣ.

ಮೊದಲನೆಯದು, ವಯಸ್ಸಾದವರಿಗೆ ಇನ್ನೊಂದು ಆಪರೇಶನ್ ಏಕೆ, ಕನ್ನಡಕದಲ್ಲಿಯೇ ಕಾಲ ಕಳೆಯಲಿ ಎಂಬ ಮಾತು. ಎರಡೂ ಕಣ್ಣುಗಳ ಮಸೂರವನ್ನು ಕಳೆದುಕೊಂಡು, ಕನ್ನಡಕಕ್ಕೆ ಒಗ್ಗಿಹೋಗಿ, ತೃಪ್ತಿಯಿಂದ ಇರುವ ವೃದ್ಧರನ್ನು ಬಲವಂತವಾಗಿ ಶಸ್ತ್ರಕ್ರಿಯೆಗೆ ಎಳೆಯಬೇಕೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಒಗ್ಗಿಹೋಗುವುದೂ ತೃಪ್ತಿಯಿಂದ ಇರುವುದೂ ಒಂದೇ ಅಲ್ಲ. ಬೀಳುವ ಭಯದಿಂದ ಅಂಗಳ ದಾಟದೆ ಕುಳಿತ ಅಜ್ಜಿ ದೂರು ಹೇಳುವುದಿಲ್ಲ. ಹೇಳಿದರೆ ಕೇಳುವವರಿದ್ದಾರೆಂದು ಅವಳಿಗೆ ನಂಬಿಕೆಯಿಲ್ಲ. ಆಯುಷ್ಯದಲ್ಲಿ ಉಳಿದಿರುವುದು ಐದೇ ವರ್ಷಗಳಾಗಿದ್ದರೆ ಆ ಐದು ವರ್ಷಗಳೇ ಅವಳಿಗೆ ಸರ್ವಸ್ವ. ಕೇಳಬೇಕಾದದ್ದು ಅವಳ ವಯಸ್ಸನ್ನಲ್ಲ. ಅವಳ ಕಣ್ಣು ಶಸ್ತ್ರಕ್ರಿಯೆಯನ್ನು ತಾಳಬಲ್ಲದೇ, ಅವಳಿಗೆ ಅದು ಬೇಕೇ ಎಂಬುದನ್ನು ಕೇಳಬೇಕು.

ಎರಡನೆಯದು ಉತ್ಸಾಹಿಗಳ ಮಾತು. ಮೊದಲಿನಂತೆಯೇ ಒಂದು ದೊಡ್ಡ ಶಿಬಿರ ನಡೆಸಿ, ಮಸೂರವಿಲ್ಲದವರೆಲ್ಲರನ್ನೂ ಕರೆತಂದು, ಎಲ್ಲರಿಗೂ ಮಸೂರ ಹಾಕಿಸಿ ಕಳಿಸಬಹುದಲ್ಲ ಎಂದು ಅವರು ಕೇಳುತ್ತಾರೆ. ಸದುದ್ದೇಶದಿಂದಲೇ ಹಾನಿಯಾಗಬಹುದಾದ ಸ್ಥಳ ಇದು. ಎರಡನೆಯ ಸಲ ತೆರೆಯುವ ಕಣ್ಣು ಮೊದಲಿನ ಕಣ್ಣಲ್ಲ. ಅದರ ಕಾರ್ನಿಯಾದ ಒಳಪದರದ ಜೀವಕೋಶಗಳು ಮೊದಲ ಶಸ್ತ್ರಕ್ರಿಯೆಯಲ್ಲಿಯೇ ಕಡಿಮೆಯಾಗಿರುತ್ತವೆ, ಹೋದ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಅವುಗಳ ಎಣಿಕೆ ಮಾಡದೆ ಮುಂದುವರಿದರೆ ಕಾರ್ನಿಯಾವೇ ಊದಿಕೊಂಡು ಬೆಳ್ಳಗಾಗಬಹುದು. ಕಣ್ಣಿನ ಒತ್ತಡ ಹೆಚ್ಚಿ ಗ್ಲಾಕೋಮಾ ಆಗಿದೆಯೇ, ಅಕ್ಷಿಪಟಲ ಆರೋಗ್ಯವಾಗಿದೆಯೇ, ನಡುವಿನ ಸೂಕ್ಷ್ಮದೃಷ್ಟಿಯ ಭಾಗ ಉಳಿದಿದೆಯೇ ಎಂದು ಪರೀಕ್ಷಿಸದೆ ಮಸೂರವಿಟ್ಟರೆ ಅದು ಕುರುಡು ಗೋಡೆಗೆ ಕಿಟಕಿ ಬರೆದಂತಾದೀತು. ಒಳಗೆ ರಕ್ತಸ್ರಾವ, ಸೋಂಕು, ಅಕ್ಷಿಪಟಲ ಕಳಚಿಕೊಳ್ಳುವುದು, ಮಸೂರ ವಾಲುವುದು ಮುಂತಾದ ಅಪಾಯಗಳೂ ಇಲ್ಲದಿಲ್ಲ. ಆದಕಾರಣ ಇದು ಸುಸಜ್ಜಿತ ಆಸ್ಪತ್ರೆಯಲ್ಲಿ, ಒಬ್ಬೊಬ್ಬರನ್ನೇ ಪರೀಕ್ಷಿಸಿ, ಪಳಗಿದ ವೈದ್ಯನಿಂದ ನಡೆಯಬೇಕಾದ ಕೆಲಸ. ಹಳ್ಳಿಯ ಶಿಬಿರವು ಇಂಥವರನ್ನು ಗುರುತಿಸುವ ಸ್ಥಳವಾಗಬೇಕೇ ಹೊರತು ಕೊಯ್ಯುವ ಸ್ಥಳವಾಗಬಾರದು.

ಇನ್ನು ಮಕ್ಕಳ ಮಾತು. ಶಿಕ್ಷಕರ ಗಮನಕ್ಕೆ ವಿಶೇಷವಾಗಿ ಬರಬೇಕಾದದ್ದು ಇದು. ಹುಟ್ಟಿದ ಕೂಸಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ಬೆಳೆದವರಲ್ಲಿ ಅದು 23 ಅಥವಾ 24 ಮಿಲಿಮೀಟರ್. ಬೆಳವಣಿಗೆಯ ಬಹುಭಾಗ ಮೊದಲ ಎರಡು ವರ್ಷಗಳಲ್ಲಿಯೇ ನಡೆಯುತ್ತದೆ. ಬೆಳೆಯುವ ಕಣ್ಣಿಗೆ ಬೆಳೆಯದ ಮಸೂರವನ್ನು ಎಂದು ಇಡಬೇಕೆಂಬುದು ಕಠಿಣ ಪ್ರಶ್ನೆ. ಅಮೆರಿಕದಲ್ಲಿ ಒಂದು ಕಣ್ಣಿನಲ್ಲಿ ಮಾತ್ರ ಪೊರೆಯಿದ್ದ, ಏಳು ತಿಂಗಳು ತುಂಬದ 114 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗಲೇ ಮಸೂರವಿಟ್ಟು, ಇನ್ನೊಂದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟು ನೋಡಲಾಯಿತು. ಆ ಮಕ್ಕಳ ಐದನೆಯ ವಯಸ್ಸಿನ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ದೃಷ್ಟಿಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಆದರೆ ಆಗಲೇ ಮಸೂರ ಪಡೆದ ಮಕ್ಕಳಿಗೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಬೇಕಾಯಿತು. ಆದ್ದರಿಂದ ಅಷ್ಟು ಎಳೆಯ ಕೂಸುಗಳಿಗೆ ಮಸೂರವನ್ನು ಮುಂದೆ, ಕಣ್ಣು ಬೆಳೆದ ಮೇಲೆ ಇಡುವುದೇ ಲೇಸೆಂದು ಅನೇಕ ವೈದ್ಯರು ಭಾವಿಸುತ್ತಾರೆ.

ಇದರ ಅರ್ಥವನ್ನು ಶಾಲೆಯ ದೃಷ್ಟಿಯಿಂದ ನೋಡಬೇಕು. ಇಂಥ ಮಗು ಮಸೂರವಿಲ್ಲದ ಕಣ್ಣಿನೊಡನೆಯೇ ಶಾಲೆಯ ಹೊಸ್ತಿಲು ತುಳಿಯಬಹುದು. ದಪ್ಪ ಕನ್ನಡಕ ಕಂಡು ಸಹಪಾಠಿಗಳು ನಕ್ಕರೆ ಮಗು ಅದನ್ನು ಚೀಲದಲ್ಲಿ ಅಡಗಿಸುತ್ತದೆ. ಸ್ಪಷ್ಟ ಚಿತ್ರವನ್ನು ಕಾಣದ ಕಣ್ಣನ್ನು ಬಾಲ್ಯದಲ್ಲಿ ಮೆದುಳು ಕಡೆಗಣಿಸತೊಡಗುತ್ತದೆ. ಸೋಮಾರಿ ಕಣ್ಣು ಎಂದು ಕರೆಯುವ ಈ ಸ್ಥಿತಿಯನ್ನು ಏಳೆಂಟು ವರ್ಷಗಳ ಒಳಗೆ ತಿದ್ದದಿದ್ದರೆ ಆಮೇಲೆ ಎಂಥ ಉತ್ತಮ ಮಸೂರವಿಟ್ಟರೂ ಪೂರ್ಣ ಫಲ ದೊರೆಯುವುದು ದುರ್ಲಭ. ಅಂದರೆ ಎರಡನೆಯ ಶಸ್ತ್ರಕ್ರಿಯೆಯ ಯಶಸ್ಸು ಒಂದರ್ಥದಲ್ಲಿ ಒಂದನೆಯ ತರಗತಿಯ ಶಿಕ್ಷಕರ ಕೈಯಲ್ಲಿದೆ. ಕನ್ನಡಕ ಹಾಕಿಸುವುದು, ಮುಂದಿನ ಸಾಲಿನಲ್ಲಿ ಕೂಡಿಸುವುದು, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಲು ವೈದ್ಯರು ಹೇಳಿದ್ದರೆ ಆ ಅವಧಿಯನ್ನು ಪಾಲಿಸುವಂತೆ ನೋಡಿಕೊಳ್ಳುವುದು, ನಗುವ ಮಕ್ಕಳಿಗೆ ತಿಳಿಹೇಳುವುದು ಇವಾವುದಕ್ಕೂ ಹಣ ಬೇಕಿಲ್ಲ. ಮಸೂರವಿಟ್ಟ ಮೇಲೂ ಹತ್ತಿರದ ಓದಿಗೆ ಕನ್ನಡಕ ಬೇಕಾಗುತ್ತದೆಂಬುದನ್ನು ತಂದೆತಾಯಿಗಳಿಗೆ ಮನವರಿಕೆ ಮಾಡುವವರೂ ಶಿಕ್ಷಕರೇ. ಹುಟ್ಟುಪೊರೆಯನ್ನು ತಡೆಯುವುದರಲ್ಲಿಯೂ ಶಾಲೆಯ ಪಾತ್ರವಿದೆ. ಬಸುರಿಗೆ ತಗಲುವ ರುಬೆಲ್ಲಾ ಅದರ ಒಂದು ಕಾರಣ. ಆ ರೋಗದ ವಿರುದ್ಧ 2017ರ ಫೆಬ್ರವರಿಯಲ್ಲಿ ಆರಂಭವಾದ ಲಸಿಕಾ ಅಭಿಯಾನದ ಮೊದಲ ಹಂತದಲ್ಲಿಯೇ ಕರ್ನಾಟಕ ಸೇರಿತ್ತು. ಆಗ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕುವ ಕಾರ್ಯ ಬಹುಮಟ್ಟಿಗೆ ನಡೆದದ್ದು ಶಾಲೆಗಳಲ್ಲಿ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮಾಡಬಹುದಾದ ಕಾರ್ಯ ಸ್ಪಷ್ಟವಾಗಿದೆ. ಮೊದಲನೆಯದಾಗಿ, ಶಾಲೆಯ ಸುತ್ತಲಿನ ಹಳ್ಳಿಗಳಲ್ಲಿ ಪೊರೆ ತೆಗೆಸಿಕೊಂಡವರ ಒಂದು ದಾಖಲೆ ಪುಸ್ತಕವಿರಬೇಕು. ಯಾವ ವರ್ಷ, ಯಾವ ಕಣ್ಣು, ಮಸೂರವಿದೆಯೇ ಇಲ್ಲವೇ, ಈಗ ದೃಷ್ಟಿ ಎಷ್ಟು ಎಂಬ ನಾಲ್ಕು ಕಲಮುಗಳು ಸಾಕು. ಎರಡನೆಯದಾಗಿ, ಮಸೂರವಿಲ್ಲದವರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯುವ ವ್ಯವಸ್ಥೆಯಾಗಬೇಕು. ಮೂರನೆಯದಾಗಿ, ನಿಧಿಯ ವಿನಿಯೋಗದ ಕ್ರಮ ಬದಲಾಗಬೇಕು. ಮಸೂರದ ಬೆಲೆ ಇಂದು ದೊಡ್ಡ ಹೊರೆಯಲ್ಲ. ಬಡವನಿಗೆ ಭಾರವಾಗುವುದು ದೂರದ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು, ಜೊತೆಗೆ ಬರುವ ಮಗನು ಕಳೆದುಕೊಳ್ಳುವ ದಿನಗೂಲಿ, ತಿಂಗಳುಗಟ್ಟಲೆ ಹಾಕಬೇಕಾದ ಔಷಧಿ, ಮತ್ತೆ ಮತ್ತೆ ತೋರಿಸಿಕೊಳ್ಳುವ ಅಲೆದಾಟ. ಕಲ್ಲಿನ ಫಲಕದ ಮೇಲೆ ಕೊರೆಸಲು ಇವು ಆಕರ್ಷಕ ಬಾಬುಗಳಲ್ಲ. ಆದರೂ ಒಂದು ಕಣ್ಣು ಉಳಿಯುವುದೂ ಹೋಗುವುದೂ ಹೆಚ್ಚಾಗಿ ಇವುಗಳ ಮೇಲೆಯೇ ನಿಂತಿದೆ.

ದಾನವು ಕೊಡುವವನ ಕೈಯಲ್ಲಿ ಪೂರ್ಣವಾಗುವುದಿಲ್ಲ, ಪಡೆಯುವವನ ಬದುಕಿನಲ್ಲಿ ಪೂರ್ಣವಾಗುತ್ತದೆ. ನೇತ್ರಸೇವೆಯ ಮುಂದಿನ ವರದಿಗಳಲ್ಲಿ ಒಂದರ ಬದಲು ಎರಡು ಸಂಖ್ಯೆಗಳು ಅಚ್ಚಾಗುವಂತಾಗಲಿ: ಇಷ್ಟು ಮಂದಿಗೆ ಪೊರೆ ತೆಗೆಯಲಾಯಿತು, ಅವರಲ್ಲಿ ಇಷ್ಟು ಮಂದಿ ಈ ವರ್ಷವೂ ಚೆನ್ನಾಗಿ ನೋಡುತ್ತಿದ್ದಾರೆ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಚಿಕ್ಕದಾಗಿದ್ದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ಆ ವ್ಯತ್ಯಾಸವೇ ಮುಂದಿನ ವರ್ಷದ ಕಾರ್ಯಕ್ರಮವೆಂದು ತಿಳಿದು ನಡೆದರೆ ಸಾಕು.